ಬ್ಯಾಟಲ್‌ವರ್ಲ್ಡ್‌ನ ಆ ಗೋಡೆ ಯಾರದ್ದು?

ಪ್ರಶ್ನೆ: ಮಾರ್ವೆಲ್ ಕಾಮಿಕ್ಸ್‌ನ 2015ರ ‘ಸೀಕ್ರೆಟ್ ವಾರ್ಸ್’ ಬಗ್ಗೆ ನಮ್ಮ ಗೆಳೆಯರ ನಡುವೆ ವಾದ ನಿಲ್ಲುತ್ತಲೇ ಇಲ್ಲ. ದೊಡ್ಡ ಗೋಡೆ, ಬ್ಯಾರನ್‌ಗಳು, ಕಾದಾಡಿ ನ್ಯಾಯ ತೀರಿಸೋದು, ಎಲ್ಲಾ ‘ಗೇಮ್ ಆಫ್ ಥ್ರೋನ್ಸ್’ನಿಂದ ಎತ್ತಿದ್ದು ಅಂತ ಒಬ್ಬ ಹೇಳುತ್ತಾನೆ. ಇಲ್ಲ, ಇದು 1984ರ ಹಳೇ ‘ಸೀಕ್ರೆಟ್ ವಾರ್ಸ್’ನದೇ ಮುಂದುವರಿಕೆ ಅನ್ನೋದು ಇನ್ನೊಬ್ಬಳ ವಾದ. ಮೂರನೆಯವನಿಗೆ ಆ ಲೋಕವೇ ಒಪ್ಪಿಗೆಯಿಲ್ಲ. ಒಂದು ರಾಜ್ಯದಲ್ಲಿ ರೋಬೋಟ್, ಪಕ್ಕದಲ್ಲೇ ಕತ್ತಿ-ಗುರಾಣಿ, ಇದೆಂಥ ಲೋಕ ಅಂತ ಕೇಳುತ್ತಾನೆ. ಯಾರ ಮಾತು ಸರಿ? ಹೊಸದಾಗಿ ಓದುವವರು ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಗೆಳೆಯರಲ್ಲಿ ಯಾರ ಮಾತೂ ಪೂರ್ತಿ ತಪ್ಪಲ್ಲ. ಆದರೆ ಮೂವರೂ ಆ ಕಥೆ ನಡೆಯುವ ಲೋಕವಾದ ಬ್ಯಾಟಲ್‌ವರ್ಲ್ಡ್ ಅನ್ನು ಒಂದು ದೇಶ ಅಂದುಕೊಂಡು ನೋಡುತ್ತಿದ್ದಾರೆ. ನದಿ, ಬೆಟ್ಟ, ರಾಜವಂಶ, ಸಾವಿರ ವರ್ಷದ ಇತಿಹಾಸ ಇರುವ ಫ್ಯಾಂಟಸಿ ಕಾದಂಬರಿಯ ದೇಶ. ವಾದ ಬಗೆಹರಿಯದೆ ಇರುವುದು ಅದಕ್ಕೇ ಅಂತ ನನಗನ್ನಿಸುತ್ತದೆ. ಬ್ಯಾಟಲ್‌ವರ್ಲ್ಡ್ ಹುಟ್ಟಿದ್ದು ಒಬ್ಬನೇ ಮನುಷ್ಯನ ತಲೆಯಲ್ಲಿ. ಮಾರ್ವೆಲ್‌ನ ಖಳನಾಯಕ ಡಾಕ್ಟರ್ ಡೂಮ್, ಅಂದರೆ ವಿಕ್ಟರ್ ವಾನ್ ಡೂಮ್‌ನ ಆಸೆ, ಸೊಕ್ಕು, ಹೊಟ್ಟೆಕಿಚ್ಚು ಇವೇ ಅಲ್ಲಿ ನೆಲ, ಗೋಡೆ, ಸೂರ್ಯ ಆಗಿವೆ. ಈ ಕಡೆಯಿಂದ ನೋಡಿದರೆ ಗೋಡೆ ಎಲ್ಲಿಂದ ಬಂತು ಅನ್ನೋದಕ್ಕೂ, ರೋಬೋಟ್ ಪಕ್ಕದಲ್ಲಿ ಕತ್ತಿ ಯಾಕಿದೆ ಅನ್ನೋದಕ್ಕೂ ಉತ್ತರ ಸಿಗುತ್ತದೆ.

ಓದದೇ ಇರುವವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಕೊನೆಯ ಗುಟ್ಟುಗಳೂ ಮುಂದೆ ಬರುತ್ತವೆ, ಬೇಡ ಅನ್ನುವವರು ಓದಿ ಬಂದು ಆಮೇಲೆ ನೋಡಬಹುದು.

ಬರೆದವರು ಜೊನಾಥನ್ ಹಿಕ್‌ಮನ್, ಚಿತ್ರ ಬಿಡಿಸಿದವರು ಎಸಾದ್ ರಿಬಿಚ್. 2015ರ ಮೇ ತಿಂಗಳಿಂದ 2016ರ ಜನವರಿವರೆಗೆ 9 ಸಂಚಿಕೆ ಬಂತು. ಸಮಾಂತರ ವಿಶ್ವಗಳ ಭೂಮಿಗಳು ಎರಡೆರಡಾಗಿ ಒಂದಕ್ಕೊಂದು ಡಿಕ್ಕಿ ಹೊಡೆಯಲು ಶುರುವಾಗುತ್ತವೆ. ಪ್ರತಿ ಡಿಕ್ಕಿಗೂ ಮುಂಚೆ 8 ಗಂಟೆ ಸಮಯ ಇರುತ್ತದೆ. ಅಷ್ಟರೊಳಗೆ ಒಂದು ಭೂಮಿಯನ್ನು ಒಡೆದುಹಾಕಿದರೆ ಎರಡೂ ವಿಶ್ವಗಳು ಉಳಿದುಕೊಳ್ಳುತ್ತವೆ. ಯಾರೂ ಏನೂ ಮಾಡದಿದ್ದರೆ ಎರಡೂ ಹೋಗುತ್ತವೆ. ಹೀಗೇ ನಾಶವಾಗುತ್ತಾ ಕೊನೆಗೆ ಎರಡೇ ಭೂಮಿ ಉಳಿಯುತ್ತವೆ. ಒಂದು ಮಾರ್ವೆಲ್‌ನ ಮೂಲ ಭೂಮಿ, ಇನ್ನೊಂದು ‘ಅಲ್ಟಿಮೇಟ್’ ಸರಣಿಯ ಭೂಮಿ. ಅವೂ ಡಿಕ್ಕಿ ಹೊಡೆದು ಹೋಗುತ್ತವೆ.

ಇದಕ್ಕೆಲ್ಲ ಕಾರಣ ಬಿಯಾಂಡರ್ಸ್ ಎಂಬ ವಿಶ್ವದಾಚೆಯ ಜೀವಿಗಳು. ಡೂಮ್, ಮಾಂತ್ರಿಕ ಡಾಕ್ಟರ್ ಸ್ಟ್ರೇಂಜ್, ವಸ್ತುಗಳ ಅಣುಗಳನ್ನೇ ಆಡಿಸಬಲ್ಲ ಮೊಲೆಕ್ಯೂಲ್ ಮ್ಯಾನ್ ಮೂವರೂ ಸೇರಿ ಅವರನ್ನು ಎದುರಿಸುತ್ತಾರೆ. ಅವರ ಶಕ್ತಿ ಡೂಮ್‌ಗೆ ಸಿಗುತ್ತದೆ. ಸತ್ತ ವಿಶ್ವಗಳ ಚೂರುಗಳನ್ನೆಲ್ಲ ಆಯ್ದು, ಕೌದಿ ಹೊಲಿದ ಹಾಗೆ ಜೋಡಿಸಿ ಅವನು ಒಂದು ಲೋಕ ಮಾಡುತ್ತಾನೆ. ಅದೇ ಬ್ಯಾಟಲ್‌ವರ್ಲ್ಡ್. ಅಲ್ಲಿ ಡೂಮ್‌ನೇ ದೇವರು, ಡೂಮ್‌ನೇ ಚಕ್ರವರ್ತಿ. ಸ್ಟ್ರೇಂಜ್ ಅವನ ಶೆರಿಫ್. ಒಂದೊಂದು ಚೂರಿಗೂ ಒಬ್ಬ ಬ್ಯಾರನ್, ಅಂದರೆ ಸಾಮಂತ. ಬೇರೆ ಬೇರೆ ವಿಶ್ವಗಳ ಥಾರ್‌ಗಳೆಲ್ಲ ಸೇರಿ ಪೊಲೀಸ್ ಪಡೆ. ದಕ್ಷಿಣಕ್ಕೆ ‘ಶೀಲ್ಡ್’ ಎಂಬ ದೈತ್ಯ ಗೋಡೆ. ಅದರಾಚೆ ಝೋಂಬಿಗಳು, ಅಲ್ಟ್ರಾನ್ ರೋಬೋಟ್‌ಗಳು, ಅನೈಹಿಲಸ್‌ನ ಕೀಟಸೈನ್ಯ.

ಈಗ ಮೊದಲನೇ ಗೆಳೆಯನ ಮಾತಿಗೆ ಬರೋಣ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿ ಸರಣಿಯ ಮೊದಲ ಭಾಗ ಬಂದದ್ದು 1996ರಲ್ಲಿ, ಟಿವಿ ಸರಣಿ ಶುರುವಾಗಿದ್ದು 2011ರಲ್ಲಿ. ಅದರಲ್ಲಿ ಉತ್ತರಕ್ಕೆ 700 ಅಡಿ ಎತ್ತರದ, ಸುಮಾರು 300 ಮೈಲಿ ಉದ್ದದ ಹಿಮದ ಗೋಡೆ ಇದೆ. ತಪ್ಪು ಮಾಡಿದವರನ್ನು ಅಲ್ಲಿ ಕಾವಲಿಗೆ ಕಳಿಸುತ್ತಾರೆ, ಆಚೆ ಕಡೆ ಸತ್ತವರು ಎದ್ದು ಬರುತ್ತಾರೆ. ಹಿಕ್‌ಮನ್ ಅದನ್ನು ದಕ್ಷಿಣಕ್ಕೆ ತಿರುಗಿಸಿದ್ದಾರೆ ಅಷ್ಟೇ. ಇಲ್ಲೂ ತಪ್ಪಿತಸ್ಥರು ಗೋಡೆಗೆ ಹೋಗುತ್ತಾರೆ, ಇಲ್ಲೂ ಆಚೆಯಿಂದ ಝೋಂಬಿಗಳು ಬರುತ್ತವೆ. ಎರಡನೇ ಸಂಚಿಕೆಯಲ್ಲಿ ಬ್ರ್ಯಾಡಕ್ ಮನೆತನದ ಮೇಲೆ ರಾಜದ್ರೋಹದ ಆರೋಪ ಬರುತ್ತದೆ. ಡೂಮ್‌ನ ದರ್ಬಾರಿನಲ್ಲಿ ಮಿಸ್ಟರ್ ಸಿನಿಸ್ಟರ್ ಜೊತೆ ಕಾದಾಡಿಯೇ ಅದರ ತೀರ್ಮಾನ ಆಗಬೇಕಾಗುತ್ತದೆ. 2015ರಲ್ಲಿ ಆ ಟಿವಿ ಸರಣಿ ಜನಪ್ರಿಯತೆಯ ತುದಿಯಲ್ಲಿತ್ತು. ಈ ಹೋಲಿಕೆ ಕಾಕತಾಳೀಯ ಅಂತ ನಾನು ಹೇಳಲಾರೆ. ಓದುಗರು ತಕ್ಷಣ ಗುರುತು ಹಿಡಿಯಲಿ ಅಂತಲೇ ಇಟ್ಟ ಹಾಗಿದೆ. ಕೀರನ್ ಗಿಲ್ಲನ್ ಬರೆದ ‘ಸೀಜ್’ ಎಂಬ ಉಪಸರಣಿ ಪೂರ್ತಿ ಗೋಡೆಯ ಮೇಲೇ ನಡೆಯುತ್ತದೆ. ಅಲ್ಲಿನ ಕಮಾಂಡರ್ ಅಬಿಗೇಲ್ ಬ್ರ್ಯಾಂಡ್. ಕಾವಲಿಗೆ ನಿಂತವರ ಸುಸ್ತು, ಸಾವು ಖಚಿತ ಅಂತ ಗೊತ್ತಿದ್ದೂ ನಿಲ್ಲುವ ಹಟ, ಎಲ್ಲದರಲ್ಲೂ ಮಾರ್ಟಿನ್ ಅವರ ಕಾವಲು ಪಡೆಯ ನೆರಳಿದೆ.

ಆದರೆ ‘ಎತ್ತಿದ್ದು’ ಅನ್ನುವ ಮುಂಚೆ ಮಾರ್ಟಿನ್ ಎಲ್ಲಿಂದ ಬಂದವರು ಅಂತ ನೋಡಬೇಕು. ಅವರು ಬರೆದದ್ದು ಮೊದಲ ಸಲ ಅಚ್ಚಾಗಿದ್ದು ಒಂದು ಕಾಮಿಕ್‌ನಲ್ಲಿ. 1963ರ ‘ಫೆಂಟಾಸ್ಟಿಕ್ ಫೋರ್’ 20ನೇ ಸಂಚಿಕೆಯ ಓದುಗರ ಪತ್ರ ಪುಟದಲ್ಲಿ, ಹದಿಹರೆಯದ ಮಾರ್ಟಿನ್ ಬರೆದ ಪತ್ರ ಇದೆ. ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಮಾಡಿದ 17ನೇ ಸಂಚಿಕೆಯನ್ನು ಬಾಯಿ ತುಂಬಾ ಹೊಗಳಿದ ಪತ್ರ ಅದು. ಆ 17ನೇ ಸಂಚಿಕೆಯ ಖಳನಾಯಕ ಯಾರು ಗೊತ್ತಾ? ಡಾಕ್ಟರ್ ಡೂಮ್! ಮುಂದೆ 1964ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಕಾಮಿಕ್ ಅಭಿಮಾನಿಗಳ ಮೊದಲ ಸಮಾವೇಶಕ್ಕೂ ಮಾರ್ಟಿನ್ ಹೋಗಿದ್ದರು. 1987ರಿಂದ ‘ವೈಲ್ಡ್ ಕಾರ್ಡ್ಸ್’ ಅಂತ ಸೂಪರ್‌ಹೀರೋ ಕಥೆಗಳ ಪುಸ್ತಕಗಳನ್ನೂ ಸಂಪಾದಿಸಿದರು. ‘ಅವೆಂಜರ್ಸ್’ 9ನೇ ಸಂಚಿಕೆಯಲ್ಲಿ ವಂಡರ್ ಮ್ಯಾನ್ ಸಾಯುವುದು ತಮ್ಮ ಮೇಲೆ ತುಂಬಾ ಪರಿಣಾಮ ಬೀರಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಮುಖ್ಯ ಪಾತ್ರವನ್ನು ಕೊಲ್ಲುವ ಧೈರ್ಯ ಅವರಿಗೆ ಎಲ್ಲಿಂದ ಬಂತು ಅಂತ ಕೇಳುವವರು ಈ ಮಾತನ್ನೂ ಲೆಕ್ಕಕ್ಕೆ ತಗೊಳ್ಳಬೇಕು.

ಅಂದರೆ ಮಾರ್ವೆಲ್ ಓದಿ ಬೆಳೆದ ಹುಡುಗ ಫ್ಯಾಂಟಸಿ ಬರೆದ, ಆ ಫ್ಯಾಂಟಸಿ ಸುತ್ತು ಹೊಡೆದು ಮತ್ತೆ ಮಾರ್ವೆಲ್‌ಗೇ ಬಂತು. ಗೋಡೆಯ ಮೂಲವೂ ಮಾರ್ಟಿನ್ ಹತ್ತಿರ ನಿಲ್ಲುವುದಿಲ್ಲ. ಬ್ರಿಟನ್ನಿನ ಹೇಡ್ರಿಯನ್ ಗೋಡೆಯ ಮೇಲೆ ನಿಂತಾಗ ಆ ಯೋಚನೆ ಬಂತು ಅಂತ ಅವರು ಎಷ್ಟೋ ಸಲ ಹೇಳಿದ್ದಾರೆ. ರೋಮನ್ನರು ಕ್ರಿ.ಶ. 122ರಲ್ಲಿ ಕಟ್ಟಲು ಶುರು ಮಾಡಿದ ಗೋಡೆ ಅದು. ಕಾದಾಡಿ ನ್ಯಾಯ ತೀರಿಸುವುದೂ ಅಷ್ಟೇ. ಯುರೋಪಿನಲ್ಲಿ ಅದು ನಿಜವಾಗಿಯೂ ಇದ್ದ ಕಾನೂನು. ಇಂಗ್ಲೆಂಡಿನಲ್ಲಿ ಅದು ಪುಸ್ತಕದಿಂದ ಪೂರ್ತಿ ತೆಗೆದುಹಾಕಿದ್ದು 1819ರಲ್ಲಿ ಮಾತ್ರ. ಒಬ್ಬ ಕೊಲೆ ಆರೋಪಿ ನ್ಯಾಯಾಲಯದಲ್ಲಿ ಕೈಗವಸು ಎಸೆದು ಆ ಹಳೇ ಹಕ್ಕನ್ನು ಕೇಳಿದ ಮೇಲೆ ಸಂಸತ್ತು ಎಚ್ಚೆತ್ತುಕೊಂಡಿತು.

ಇಷ್ಟೆಲ್ಲ ಹೇಳಿದರೂ ನನ್ನ ಮುಖ್ಯ ವಾದ ಇದಲ್ಲ. ಮಾರ್ಟಿನ್ ಅವರ ಗೋಡೆಗೂ ಹಿಕ್‌ಮನ್ ಅವರ ಗೋಡೆಗೂ ಒಂದು ದೊಡ್ಡ ವ್ಯತ್ಯಾಸ ಇದೆ. ‘ಶೀಲ್ಡ್’ ಗೋಡೆ ಕಲ್ಲಿನಿಂದ ಕಟ್ಟಿದ್ದಲ್ಲ. ಅದು ಬೆನ್ ಗ್ರಿಮ್. ಫೆಂಟಾಸ್ಟಿಕ್ ಫೋರ್ ತಂಡದ ‘ಥಿಂಗ್’. ಡೂಮ್ ಅವನನ್ನೇ ಹಿಗ್ಗಿಸಿ ಗೋಡೆ ಮಾಡಿದ್ದಾನೆ. ಕಥೆಯ ಕೊನೆಯ ಹೊತ್ತಿಗೆ ಖಳನಾಯಕ ಥಾನೋಸ್ ಬಂದು ಆ ಗೋಡೆಯ ಜೊತೆ ಮಾತಾಡುತ್ತಾನೆ, ಗೋಡೆ ಎದ್ದು ನಿಂತುಬಿಡುತ್ತದೆ. ಅದೇ ತಂಡದ, ಮೈಗೆ ಬೆಂಕಿ ಹಚ್ಚಿಕೊಂಡು ಹಾರುವ ಜಾನಿ ಸ್ಟಾರ್ಮ್ ಕಥೆಯೂ ಹೀಗೇ. ಅವನು ಡೂಮ್‌ಗೆ ತಿರುಗಿಬಿದ್ದ, ಡೂಮ್ ಅವನನ್ನು ಸೂರ್ಯನನ್ನಾಗಿ ಮಾಡಿ ಆಕಾಶಕ್ಕೆ ಕಳಿಸಿದ. ಬ್ಯಾಟಲ್‌ವರ್ಲ್ಡ್‌ನಲ್ಲಿ ಬೆಳಗಾಗುವುದು ಅವನಿಂದ. ಜಾನಿಯ ಅಕ್ಕ ಸೂ ಸ್ಟಾರ್ಮ್ ಇಲ್ಲಿ ಡೂಮ್‌ನ ಹೆಂಡತಿ, ವಲೇರಿಯಾ ಮತ್ತು ಫ್ರ್ಯಾಂಕ್ಲಿನ್ ಅವನ ಮಕ್ಕಳು. ತಂಡದ ನಾಯಕ, ಸೂ ಸ್ಟಾರ್ಮ್‌ಳ ನಿಜವಾದ ಗಂಡ ರೀಡ್ ರಿಚರ್ಡ್ಸ್‌ಗೆ ಮಾತ್ರ ಆ ಲೋಕದಲ್ಲಿ ಜಾಗ ಇಲ್ಲ. ಅವನು ಹಳೇ ವಿಶ್ವದಿಂದ ಒಂದು ಹಡಗಿನಲ್ಲಿ ಕೆಲವರೊಂದಿಗೆ ತಪ್ಪಿಸಿಕೊಂಡು ಬಂದಿರುತ್ತಾನೆ, ಡೂಮ್‌ಗೆ ಅದು ಗೊತ್ತಿರುವುದಿಲ್ಲ.

ಇದನ್ನು ಒಮ್ಮೆ ನಿಧಾನವಾಗಿ ಯೋಚಿಸಿ. ಎಲ್ಲಾ ಶಕ್ತಿ ಕೈಗೆ ಬಂದಾಗ ಒಬ್ಬ ಮನುಷ್ಯ ಮಾಡಿದ್ದೇನು? ತಾನು ಹೊಟ್ಟೆಕಿಚ್ಚು ಪಟ್ಟವನ ಸಂಸಾರವನ್ನು ತೆಗೆದುಕೊಂಡು ಲೋಕ ಕಟ್ಟಿದ. ಒಬ್ಬ ಗೆಳೆಯ ಗೋಡೆ, ಮೈದುನ ಸೂರ್ಯ, ಹೆಂಡತಿ ರಾಣಿ. ಈ ಲೋಕ ಮಾರ್ಟಿನ್ ಅವರಿಂದ ಬರಲು ಸಾಧ್ಯವೇ ಇಲ್ಲ. ಇದು 1962ರಿಂದ ನಡೆದುಬಂದ ಒಂದು ಜಗಳದ ಒಳಗಿಂದ ಬಂದದ್ದು.

ಡೂಮ್‌ಗೂ ಹಳೇ ಕಾಲದ ಕೋಟೆ-ಕೊತ್ತಲಕ್ಕೂ ನಂಟು ಹೊಸದಲ್ಲ ಅನ್ನೋದು ನಿಮ್ಮ ಮೊದಲನೇ ಗೆಳೆಯ ಗಮನಿಸಬೇಕಾದ ಇನ್ನೊಂದು ವಿಷಯ. ಡೂಮ್ ಮೊದಲು ಕಾಣಿಸಿಕೊಂಡದ್ದು 1962ರ ‘ಫೆಂಟಾಸ್ಟಿಕ್ ಫೋರ್’ 5ನೇ ಸಂಚಿಕೆಯಲ್ಲಿ. ಆ ಕಥೆಯಲ್ಲಿ ಅವನು ಬಾಂಬು ಕೇಳುವುದಿಲ್ಲ, ಬ್ಯಾಂಕು ದೋಚುವುದಿಲ್ಲ. ಸೂ ಸ್ಟಾರ್ಮ್‌ಳನ್ನು ಒತ್ತೆಯಾಗಿಟ್ಟುಕೊಂಡು, ಉಳಿದ ಮೂವರನ್ನು ಟೈಮ್ ಮೆಷಿನ್‌ನಲ್ಲಿ ಹಿಂದಕ್ಕೆ ಕಳಿಸುತ್ತಾನೆ. ಕಡಲ್ಗಳ್ಳ ಬ್ಲ್ಯಾಕ್‌ಬಿಯರ್ಡ್‌ನ ನಿಧಿ ತರಬೇಕು ಅನ್ನುತ್ತಾನೆ. ಯಾಕೆಂದರೆ ಅದರಲ್ಲಿ ಮಾಂತ್ರಿಕ ಮರ್ಲಿನ್‌ನ ಮಣಿಗಳಿವೆ. ಮೊದಲ ಕಥೆಯಲ್ಲೇ ಯಂತ್ರ, ಮಂತ್ರ, ಆರ್ಥರ್ ರಾಜನ ಕಾಲ ಮೂರೂ ಸೇರಿಕೊಂಡಿವೆ. 1964ರ ವಾರ್ಷಿಕ ಸಂಚಿಕೆಯಲ್ಲಿ ಅವನ ದೇಶ ಲಾಟ್ವೇರಿಯಾ ಬಂತು, ಕೋಟೆ ಬಂತು, ಮಾಟ ಬಲ್ಲ ತಾಯಿಯ ಕಥೆ ಬಂತು. 1981ರಲ್ಲಿ ‘ಐರನ್ ಮ್ಯಾನ್’ 149 ಮತ್ತು 150ನೇ ಸಂಚಿಕೆಗಳಲ್ಲಿ ಡೂಮ್ ಮತ್ತು ಐರನ್ ಮ್ಯಾನ್ ಇಬ್ಬರೂ ಆರ್ಥರ್ ರಾಜನ ಕ್ಯಾಮೆಲಾಟ್‌ಗೆ ಹೋಗಿ ಬೀಳುತ್ತಾರೆ. ಐರನ್ ಮ್ಯಾನ್ ಆರ್ಥರ್ ಪಕ್ಷ ಸೇರುತ್ತಾನೆ, ಡೂಮ್ ಮಾಟಗಾತಿ ಮೋರ್ಗನ್ ಲೆ ಫೇ ಪಕ್ಷ. 1989ರ ‘ಟ್ರಯಂಫ್ ಆ್ಯಂಡ್ ಟಾರ್ಮೆಂಟ್’ನಲ್ಲಿ ಡೂಮ್ ಮತ್ತು ಸ್ಟ್ರೇಂಜ್ ಜೊತೆಯಾಗಿ ಡೂಮ್‌ನ ತಾಯಿಯ ಆತ್ಮ ಬಿಡಿಸಲು ಮೆಫಿಸ್ಟೊನ ನರಕಕ್ಕೇ ಇಳಿಯುತ್ತಾರೆ. ಅದನ್ನು ಓದಿದವರಿಗೆ ಬ್ಯಾಟಲ್‌ವರ್ಲ್ಡ್‌ನಲ್ಲಿ ಸ್ಟ್ರೇಂಜ್ ಯಾಕೆ ಡೂಮ್‌ನ ಬಲಗೈ ಆಗಿದ್ದಾನೆ ಅಂತ ಬೇರೆ ಹೇಳಬೇಕಾಗಿಲ್ಲ.

ಹಾಗಾಗಿ ಡೂಮ್ ಒಂದು ಲೋಕ ಮಾಡಿದರೆ ಅದರಲ್ಲಿ ಪ್ರಧಾನಿ, ಚುನಾವಣೆ ಇರುತ್ತಾ? ಬ್ಯಾರನ್‌ಗಳೇ ಇರುತ್ತಾರೆ. ಅವನಿಗೆ ಗೊತ್ತಿರುವ ಆಡಳಿತ ಅದೊಂದೇ.

ಎರಡನೇ ಗೆಳತಿಯ ವಾದಕ್ಕೂ ಬಲ ಇದೆ. 1984ರ ‘ಸೀಕ್ರೆಟ್ ವಾರ್ಸ್’ 12 ಸಂಚಿಕೆಗಳದ್ದು. ಜಿಮ್ ಶೂಟರ್ ಬರೆದದ್ದು, ಚಿತ್ರಗಳು ಮೈಕ್ ಝೆಕ್ ಮತ್ತು ಬಾಬ್ ಲೇಟನ್ ಅವರವು. ಮ್ಯಾಟೆಲ್ ಎಂಬ ಆಟಿಕೆ ಕಂಪನಿಯ ಜೊತೆ ಒಪ್ಪಂದ ಆಗಿ ಹುಟ್ಟಿದ ಸರಣಿ ಅದು. ‘ಸೀಕ್ರೆಟ್’, ‘ವಾರ್ಸ್’ ಎಂಬ ಎರಡು ಪದಗಳು ಮಕ್ಕಳಿಗೆ ಇಷ್ಟ ಅಂತ ಕಂಪನಿಯವರು ಹೇಳಿದ್ದಕ್ಕೇ ಆ ಹೆಸರು ಬಂತು ಅಂತ ಶೂಟರ್ ಬರೆದಿದ್ದಾರೆ. ಅವರು ಬರೆದ ಇನ್ನೊಂದು ವಿಷಯ ನಮ್ಮ ಈ ಚರ್ಚೆಗೆ ತುಂಬಾ ಬೇಕಾದದ್ದು. ಡೂಮ್ ತೀರಾ ಮಧ್ಯಯುಗದವನ ಹಾಗೆ ಕಾಣುತ್ತಾನೆ, ಅವನ ಕವಚ ಇನ್ನಷ್ಟು ಹೈಟೆಕ್ ಆಗಬೇಕು ಅಂತ ಮ್ಯಾಟೆಲ್‌ನವರು ಕೇಳಿದ್ದರಂತೆ. 31 ವರ್ಷದ ನಂತರ ಅದೇ ಹೆಸರಿನ ಕಥೆಯಲ್ಲಿ ಆ ಮಧ್ಯಯುಗವೇ ಇಡೀ ಲೋಕವಾಗಿ ಹರಡಿಕೊಂಡಿದೆ. ರಿಬಿಚ್ ಡೂಮ್‌ಗೆ ಬಿಳಿ ಉಡುಪು ತೊಡಿಸಿದ್ದಾರೆ. ವಿಶ್ವವೃಕ್ಷ ಇಗ್‌ಡ್ರಸಿಲ್‌ನಲ್ಲಿ ಸಿಂಹಾಸನ ಹಾಕಿ ಕೂರಿಸಿದ್ದಾರೆ. ಆ ದೃಶ್ಯದಲ್ಲಿ ಹೈಟೆಕ್ ಅನ್ನಿಸುವಂಥದ್ದು ಏನೂ ಇಲ್ಲ.

ಹಳೇ ಕಥೆಯಿಂದ ಬಂದದ್ದು ಏನೇನು? ಬ್ಯಾಟಲ್‌ವರ್ಲ್ಡ್ ಎಂಬ ಹೆಸರು. ಬೇರೆ ಬೇರೆ ಗ್ರಹಗಳ ಚೂರು ಜೋಡಿಸಿ ಮಾಡಿದ ನೆಲ. ಅಲ್ಲಿ ಡೆನ್ವರ್ ನಗರದ ಒಂದು ಬಡಾವಣೆಯೇ ಕಿತ್ತು ಬಂದಿತ್ತು. ಡೂಮ್ ಬಿಯಾಂಡರ್‌ನ ಶಕ್ತಿ ಕದಿಯುವುದು. ಒಬ್ಬನೇ ಬಿಯಾಂಡರ್ ಹಿಕ್‌ಮನ್ ಕೈಯಲ್ಲಿ ಒಂದು ಕುಲವೇ ಆದ. ಮೊಲೆಕ್ಯೂಲ್ ಮ್ಯಾನ್ ಕೂಡ ಅಲ್ಲಿದ್ದ. 4ನೇ ಸಂಚಿಕೆಯಲ್ಲಿ ಹೀರೋಗಳ ಮೇಲೆ ಬೆಟ್ಟ ಬೀಳಿಸುವವನು ಅವನೇ, ಹಲ್ಕ್ ಅದನ್ನು ಬೆನ್ನಮೇಲೆ ತಡೆದು ನಿಲ್ಲುತ್ತಾನೆ. ಆದರೆ 1984ರ ನೆಲ ಸುಮ್ನೆ ಒಂದು ಅಖಾಡ. ಅಲ್ಲಿ ಜನಜೀವನದ ಚಿತ್ರ ಕಡಿಮೆ, ಕಾನೂನು ಇಲ್ಲ, ದೇವರ ಪೂಜೆ ಇಲ್ಲ. ಹೊಡೆದಾಡಿ ಗೆದ್ದವರು ಮನೆಗೆ ಹೋಗುತ್ತಾರೆ.

ಇನ್ನೊಂದು ವ್ಯತ್ಯಾಸ ನನಗೆ ತುಂಬಾ ಇಷ್ಟ. 1984ರಲ್ಲಿ ಶಕ್ತಿ ಸಿಕ್ಕ ತಕ್ಷಣ ಡೂಮ್ ತನ್ನ ಸುಟ್ಟ ಮುಖ ಸರಿಮಾಡಿಕೊಳ್ಳುತ್ತಾನೆ, ಮುಖವಾಡ ತೆಗೆದು ತೋರಿಸುತ್ತಾನೆ. 2015ರಲ್ಲಿ ಹಾಗಿಲ್ಲ. 3ನೇ ಸಂಚಿಕೆಯಲ್ಲಿ ಅವನು ಸೂ ಒಬ್ಬಳ ಮುಂದೆ ಮುಖವಾಡ ತೆಗೆಯುತ್ತಾನೆ. ಮುಖ ಹಾಗೇ ಇದೆ, ಗಾಯ ಹಾಗೇ ಇದೆ. ಲೋಕ ಮಾಡಿದವನಿಗೆ ಮುಖ ಸರಿ ಮಾಡಿಕೊಳ್ಳಲು ಆಗಿಲ್ಲ. ಆ ಲೋಕದ ಸೋಲು ಅಲ್ಲೇ, ಆ ಒಂದು ಪುಟದಲ್ಲೇ ಇದೆ. ರಿಬಿಚ್ ಅದನ್ನು ಗದ್ದಲ ಇಲ್ಲದೆ ಬಿಡಿಸಿದ್ದಾರೆ. ಕೊನೆಯ ಸಂಚಿಕೆಯಲ್ಲಿ ಆ ಮುಖ ಸರಿ ಮಾಡುವವನು ರೀಡ್.

ಇನ್ನು ಫ್ಯಾಂಟಸಿ ಸಾಹಿತ್ಯದ ಉಳಿದ ಎಳೆಗಳು. ‘ಮಲ್ಟಿವರ್ಸ್’, ಅಂದರೆ ಅಕ್ಕಪಕ್ಕ ಹಲವು ವಿಶ್ವಗಳಿವೆ ಎಂಬ ಕಲ್ಪನೆಗೆ ಈಗಿನ ರೂಪ ಕೊಟ್ಟವರಲ್ಲಿ ಇಂಗ್ಲಿಷ್ ಫ್ಯಾಂಟಸಿ ಲೇಖಕ ಮೈಕೆಲ್ ಮೂರ್‌ಕಾಕ್ ಮುಖ್ಯರು. 1960ರ ದಶಕದಿಂದಲೇ ಅವರು ಒಬ್ಬನೇ ವೀರ ಹಲವು ಲೋಕಗಳಲ್ಲಿ ಹಲವು ರೂಪದಲ್ಲಿ ಹುಟ್ಟುವ ಕಥೆಗಳನ್ನು ಬರೆದರು. ಮಾರ್ವೆಲ್‌ಗೂ ಅವರಿಗೂ ನೇರ ಸಂಪರ್ಕವೇ ಇತ್ತು. 1972ರ ‘ಕೋನನ್ ದಿ ಬಾರ್ಬೇರಿಯನ್’ 14 ಮತ್ತು 15ನೇ ಸಂಚಿಕೆಗಳಲ್ಲಿ ಮೂರ್‌ಕಾಕ್‌ರ ಎಲ್ರಿಕ್ ಬಂದು ಕೋನನ್‌ನನ್ನು ಭೇಟಿಯಾಗುತ್ತಾನೆ. ಎರಡು ಫ್ಯಾಂಟಸಿ ಲೋಕಗಳ ಕ್ರಾಸ್‌ಓವರ್ ಮಾರ್ವೆಲ್ ಪುಟಗಳಲ್ಲಿ ಆಗಲೇ ನಡೆದುಹೋಗಿತ್ತು. ಮುಂದೆ 1980ರ ದಶಕದ ಬ್ರಿಟಿಷ್ ‘ಕ್ಯಾಪ್ಟನ್ ಬ್ರಿಟನ್’ ಕಥೆಗಳಲ್ಲಿ ಒಂದೊಂದು ವಿಶ್ವಕ್ಕೆ ಒಬ್ಬೊಬ್ಬ ಕ್ಯಾಪ್ಟನ್ ಬ್ರಿಟನ್ ಬಂದ, ಮಾರ್ವೆಲ್‌ನ ಮೂಲ ಭೂಮಿಗೆ 616 ಎಂಬ ಸಂಖ್ಯೆಯೂ ಬಂತು. ಒಂದೊಂದು ವಿಶ್ವದ ಥಾರ್‌ಗಳನ್ನು ಸೇರಿಸಿ ಪೊಲೀಸ್ ಪಡೆ ಮಾಡುವ ಹಿಕ್‌ಮನ್ ಯೋಚನೆಯಲ್ಲಿ ನನಗೆ ಕಾಣುವುದು ಆ ಕ್ಯಾಪ್ಟನ್‌ಗಳ ಪಡೆ. ಬ್ರ್ಯಾಡಕ್ ಮನೆತನ ದರ್ಬಾರಿನಲ್ಲಿ ನಿಲ್ಲುವುದೂ ಸುಮ್ಮನೆ ಅಲ್ಲ. ಬ್ರಿಯಾನ್ ಬ್ರ್ಯಾಡಕ್‌ನೇ ಕ್ಯಾಪ್ಟನ್ ಬ್ರಿಟನ್.

ನಿಮ್ಮ ಗೆಳೆಯರು ಯಾರೂ ‘ವೀರ್ಡ್‌ವರ್ಲ್ಡ್’ ಹೆಸರು ಎತ್ತಿಲ್ಲ. ಅದು ನನಗೆ ಬೇಸರ. ಫ್ಯಾಂಟಸಿ ಪ್ರಭಾವದ ಬಗ್ಗೆ ಮಾತಾಡುವುದಾದರೆ ಅದನ್ನು ಬಿಡುವ ಹಾಗೇ ಇಲ್ಲ. ಬ್ಯಾಟಲ್‌ವರ್ಲ್ಡ್‌ನ ಆಕಾಶದಲ್ಲಿ ತೇಲುವ ಒಂದು ದ್ವೀಪ ಅದು. ಜೇಸನ್ ಆರನ್ ಬರೆದು, ಮೈಕ್ ಡೆಲ್ ಮುಂಡೊ ಚಿತ್ರ ಬಿಡಿಸಿದ 5 ಸಂಚಿಕೆ. ನಾಯಕ ಆರ್ಕಾನ್. ಅವನು 1970ರಲ್ಲಿ ‘ಅವೆಂಜರ್ಸ್’ 75ನೇ ಸಂಚಿಕೆಯಲ್ಲಿ ಹುಟ್ಟಿದವನು. ಬರೆದವರು ರಾಯ್ ಥಾಮಸ್. ಅದೇ ವರ್ಷ ಮಾರ್ವೆಲ್‌ನಲ್ಲಿ ಕೋನನ್ ಶುರು ಮಾಡಿದವರೂ ಅವರೇ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ಅಣ್ಣ-ತಮ್ಮಂದಿರ ಹಾಗೆ ಕಾಣುತ್ತಾರೆ. ‘ವೀರ್ಡ್‌ವರ್ಲ್ಡ್’ ಎಂಬ ಹೆಸರು 1976ರದ್ದು. ಡಗ್ ಮೆಂಚ್ ಮತ್ತು ಮೈಕ್ ಪ್ಲೂಗ್ ಮಾಡಿದ, ಸೂಪರ್‌ಹೀರೋಗಳೇ ಇಲ್ಲದ ಎಲ್ಫ್‌ಗಳ ಕಥೆ ಅದು. 1979ರಲ್ಲಿ ಅದೇ ಲೋಕದ ಮೇಲೆ ಜಾನ್ ಬುಸೆಮಾ ಚಿತ್ರಗಳ 3 ದೊಡ್ಡ ಬಣ್ಣದ ಸಂಚಿಕೆ ಬಂತು.

2015ರಲ್ಲಿ ಆರನ್ ಮಾರ್ವೆಲ್‌ನ ಮೂಲೆಯಲ್ಲಿ ಮರೆತುಹೋಗಿದ್ದ ಕತ್ತಿ-ಮಂತ್ರದ ಪಾತ್ರಗಳನ್ನೆಲ್ಲ ಈ ಒಂದು ದ್ವೀಪಕ್ಕೆ ತಂದು ಬಿಟ್ಟರು. ಆಟಿಕೆಗಾಗಿ ಹುಟ್ಟಿದ್ದ ‘ಕ್ರಿಸ್ಟಾರ್’ ಸರಣಿಯ ಹರಳು ಯೋಧ ವಾರ್‌ಬೋ ಇದ್ದಾನೆ. ಮ್ಯಾನ್‌-ಥಿಂಗ್‌ ಎಂಬ ಜೌಗು ದೈತ್ಯರನ್ನು ಸಾಕಿಕೊಂಡ ಜೌಗಿನ ರಾಣಿ ಜೆನಿಫರ್ ಕೇಲ್ ಇದ್ದಾಳೆ. ಆಳುವವಳು ಮೋರ್ಗನ್ ಲೆ ಫೇ, 1981ರಲ್ಲಿ ಡೂಮ್ ಜೊತೆ ಸೇರಿದ್ದ ಅದೇ ಮೋರ್ಗನ್. ಆರ್ಕಾನ್ ತನ್ನ ಊರು ಪೊಲೆಮ್ಯಾಕಸ್ ಹುಡುಕಿಕೊಂಡು ಇವರೆಲ್ಲರ ನಡುವೆ ಅಲೆಯುತ್ತಾನೆ. ಡೆಲ್ ಮುಂಡೊ ಅವರ ಪುಟಗಳಲ್ಲಿ ಗೆರೆಗಿಂತ ಬಣ್ಣದ್ದೇ ಜೋರು. ಇಡೀ 2015ರ ಗದ್ದಲದಲ್ಲಿ, ಲೋಕವನ್ನು ವಿವರಿಸಲು ಹೋಗದೆ ಅದರೊಳಗೆ ನಮ್ಮನ್ನು ದೂಡಿಬಿಟ್ಟ ಉಪಸರಣಿ ಇದು. ನನಗೆ ಆ ವರ್ಷದ ಅತ್ಯುತ್ತಮ ಕೆಲಸಗಳಲ್ಲಿ ಇದೂ ಒಂದು.

ಮೂರನೇ ಗೆಳೆಯನ ತಕರಾರು ಎಲ್ಲಕ್ಕಿಂತ ಗಟ್ಟಿಯಾದದ್ದು. ಲೋಕ ನಂಬುವ ಹಾಗಿದೆಯಾ? ಮುಖ್ಯ 9 ಸಂಚಿಕೆಗಳಲ್ಲಿ ಇದೆ ಅಂತ ನನ್ನ ಅಭಿಪ್ರಾಯ. ರೋಬೋಟ್ ಪಕ್ಕದಲ್ಲಿ ಕತ್ತಿ ಇರಲು ಕಾರಣ ಇದೆ. ಚೂರುಗಳು ಬೇರೆ ಬೇರೆ ವಿಶ್ವದವು, ಡೂಮ್ ಗಡಿ ದಾಟಬಾರದು ಅಂತ ಕಾನೂನು ಮಾಡಿದ್ದಾನೆ. ವ್ಯಾಪಾರ ಇಲ್ಲ, ಓಡಾಟ ಇಲ್ಲ, ಹಾಗಾಗಿ ಒಂದರ ತಂತ್ರಜ್ಞಾನ ಇನ್ನೊಂದಕ್ಕೆ ಹೋಗುವುದಿಲ್ಲ. ಜನರಿಗೆ ಹಳೇ ವಿಶ್ವದ ನೆನಪೂ ಇಲ್ಲ, ಡೂಮ್ ಸೃಷ್ಟಿಸುವ ಮುಂಚೆ ಏನೂ ಇರಲಿಲ್ಲ ಅಂತಲೇ ನಂಬಿದ್ದಾರೆ. ಸರ್ವಾಧಿಕಾರಿಗೆ ಇದಕ್ಕಿಂತ ಅನುಕೂಲವಾದ ವ್ಯವಸ್ಥೆ ಬೇಕಾ?

ಈ ಕಾನೂನಿನ ಬಿಸಿ ಹೇಗಿರುತ್ತದೆ ಅನ್ನೋದನ್ನು ‘ಎ-ಫೋರ್ಸ್’ ಮೊದಲ ಸಂಚಿಕೆ ಚೆನ್ನಾಗಿ ತೋರಿಸುತ್ತದೆ. ಆರ್ಕೇಡಿಯಾ ಎಂಬ ದ್ವೀಪರಾಜ್ಯ. ಬ್ಯಾರನೆಸ್ ಶೀ-ಹಲ್ಕ್. ಸಮುದ್ರದಿಂದ ಒಂದು ಮೆಗಲೋಡಾನ್, ಅಂದರೆ ದೈತ್ಯ ಶಾರ್ಕ್, ಬಂದು ದಾಳಿ ಮಾಡುತ್ತದೆ. ಅಮೆರಿಕ ಶಾವೇಜ್ ಎಂಬ ಹುಡುಗಿ ಅದನ್ನು ಎತ್ತಿ ಗಡಿಯಾಚೆ ಎಸೆಯುತ್ತಾಳೆ. ಊರು ಉಳಿಯಿತು. ಆದರೆ ಗಡಿ ಮುರಿದ ಹಾಗಾಯಿತು. ಥಾರ್‌ಗಳು ಬರುತ್ತಾರೆ, ಸ್ಟ್ರೇಂಜ್ ಬರುತ್ತಾನೆ, ಆ ಹುಡುಗಿಗೆ ಜೀವನಪರ್ಯಂತ ಗೋಡೆಯ ಕಾವಲು. ಶೀ-ಹಲ್ಕ್ ಕೈಕಟ್ಟಿ ಒಪ್ಪಿಸಬೇಕಾಗುತ್ತದೆ. ಊರು ಉಳಿಸಿದವಳಿಗೇ ಶಿಕ್ಷೆ. ಡೂಮ್‌ನ ಲೋಕದಲ್ಲಿ ಒಳ್ಳೇತನಕ್ಕೂ ಅನುಮತಿ ಬೇಕು ಅನ್ನೋದು ಒಂದು ಶಾರ್ಕ್‌ನಿಂದ ಅರ್ಥವಾಗಿಬಿಡುತ್ತದೆ. ಜಿ. ವಿಲೋ ವಿಲ್ಸನ್ ಮತ್ತು ಮಾರ್ಗರೀಟ್ ಬೆನೆಟ್ ಬರೆದ ಈ ಸಂಚಿಕೆಯನ್ನು ಲೋಕ ಕಟ್ಟುವುದು ಹೇಗೆ ಅಂತ ಕಲಿಯುವವರು ಓದಬೇಕು.

ಎಲ್ಲಾ ಉಪಸರಣಿಗಳೂ ಹೀಗಿಲ್ಲ, ಅಲ್ಲಿ ನಿಮ್ಮ ಗೆಳೆಯನ ಸಿಟ್ಟು ನ್ಯಾಯವಾದದ್ದು. ಹತ್ತಾರು ಪುಸ್ತಕಗಳು ಒಂದೇ ಬೇಸಿಗೆಯಲ್ಲಿ ಬಂದವು. ಕೆಲವದರಲ್ಲಿ ಡೂಮ್ ದೇವರು, ಜನ ಅವನ ಹೆಸರಲ್ಲಿ ಆಣೆ ಇಡುತ್ತಾರೆ. ಕೆಲವದರಲ್ಲಿ ಡೂಮ್ ಹೆಸರಷ್ಟೇ ಬಂದು ಹೋಗುತ್ತದೆ, ಹಳೇ ಕಥೆಯನ್ನೇ ಬೇರೆ ಹೊದಿಕೆಯಲ್ಲಿ ಹೇಳಿದ ಹಾಗಿದೆ. ಗಡಿ ದಾಟಬಾರದು ಅನ್ನುವ ನಿಯಮ ಒಂದರಲ್ಲಿ ಉಕ್ಕಿನ ಹಾಗೆ, ಇನ್ನೊಂದರಲ್ಲಿ ಸಡಿಲ. ಮುಖ್ಯ ಸರಣಿ 8 ಸಂಚಿಕೆ ಅಂತ ಹೇಳಿ 9 ಆಯಿತು, ತಡವೂ ಆಯಿತು. ಕೊನೆಯ ಸಂಚಿಕೆ ಬರುವ ಮುಂಚೆಯೇ, 2015ರ ಅಕ್ಟೋಬರ್‌ನಿಂದ ಮುಂದಿನ ಹೊಸ ಸರಣಿಗಳು ಅಂಗಡಿಗೆ ಬಂದುಬಿಟ್ಟವು. ಲೋಕ ಮತ್ತೆ ಸರಿಹೋಗುತ್ತದೆ ಅಂತ ಓದುಗರಿಗೆ ಮೊದಲೇ ಗೊತ್ತಾಯಿತು. ಇದು ದೊಡ್ಡ ನಷ್ಟ.

ಆದರೂ ಒಂದು ಹೋಲಿಕೆ ಮಾಡಿ ನೋಡಿ. ಅದೇ 2015ರ ಏಪ್ರಿಲ್-ಮೇನಲ್ಲಿ ಡಿಸಿ ಕಾಮಿಕ್ಸ್ ‘ಕನ್ವರ್ಜೆನ್ಸ್’ ತಂದಿತು. ಅಲ್ಲೂ ಸತ್ತುಹೋದ ಕಾಲಗಳ, ಲೋಕಗಳ ನಗರಗಳನ್ನು ಖಳನಾಯಕ ಬ್ರೇನಿಯಾಕ್ ಒಂದೇ ಗ್ರಹದಲ್ಲಿ ಗುಮ್ಮಟಗಳ ಕೆಳಗೆ ಕೂಡಿಹಾಕಿರುತ್ತಾನೆ. ಗುಮ್ಮಟ ತೆಗೆದು, ಹೊಡೆದಾಡಿ ಅನ್ನುತ್ತಾರೆ. ಹತ್ತಿರ ಹತ್ತಿರ ಒಂದೇ ಯೋಚನೆ, ಒಂದೇ ವರ್ಷ. ಆದರೆ ಆ ಗ್ರಹದ ಬಗ್ಗೆ ಇವತ್ತು ಯಾರೂ ಜಗಳ ಆಡುವುದಿಲ್ಲ. ಅಲ್ಲಿ ನಗರಗಳನ್ನು ಕೂಡಿಹಾಕಲು ಒಂದು ಉಪಾಯ ಇತ್ತು, ಕೂಡಿಹಾಕಿದವನ ಮನಸ್ಸು ನೆಲದಲ್ಲಿ ಕಾಣಲಿಲ್ಲ. ಬ್ಯಾಟಲ್‌ವರ್ಲ್ಡ್‌ನಲ್ಲಿ ಯಾವ ಮೂಲೆಗೆ ಹೋದರೂ ಡೂಮ್ ಇದ್ದಾನೆ. ತೇಪೆಗಳು ಕಂಡರೂ ಆ ಲೋಕ ನೆನಪಲ್ಲಿ ಉಳಿದಿರುವುದು ಅದಕ್ಕೇ.

ಅದು ಬೀಳುವುದೂ ಅದೇ ತರ್ಕದಿಂದ. ಡೂಮ್‌ನ ಶಕ್ತಿಯ ಮೂಲ ಮೊಲೆಕ್ಯೂಲ್ ಮ್ಯಾನ್, ಹೆಸರು ಓವನ್ ರೀಸ್. ಲೋಕ ನಡೆಸುವ ಅವನನ್ನು ಡೂಮ್ ಯಾರಿಗೂ ಕಾಣದ ಹಾಗೆ ಬಚ್ಚಿಟ್ಟಿದ್ದಾನೆ. ಒಬ್ಬನೇ ಇದ್ದೂ ಇದ್ದೂ ಅವನಿಗೆ ಹಸಿವು. ಅಲ್ಲಿಗೆ ಬಂದ ಹದಿಹರೆಯದ ಸ್ಪೈಡರ್‌-ಮ್ಯಾನ್ ಮೈಲ್ಸ್ ಮೊರಾಲೆಸ್ ತನ್ನ ಹತ್ತಿರ ಇದ್ದ ಹಳೇ ಬರ್ಗರ್ ಕೊಡುತ್ತಾನೆ. ಓವನ್ ಅದನ್ನು ಮರೆಯುವುದಿಲ್ಲ. ಮೈಲ್ಸ್ ಸಂಸಾರ ಸಮೇತ ಹೊಸ ವಿಶ್ವದಲ್ಲಿ ಉಳಿದುಕೊಳ್ಳಲು ಅದೇ ಕಾರಣ. ರೀಡ್ ಎದುರು ನಿಂತಾಗ ಡೂಮ್ ಬಾಯಲ್ಲೇ, ಈ ಶಕ್ತಿ ನಿನ್ನ ಕೈಯಲ್ಲಿದ್ದಿದ್ದರೆ ನನಗಿಂತ ಚೆನ್ನಾಗಿ ಮಾಡುತ್ತಿದ್ದೆ ಅನ್ನುವ ಒಪ್ಪಿಗೆ ಬರುತ್ತದೆ. ಅಲ್ಲಿಗೆ ಆ ಲೋಕಕ್ಕೆ ಉಳಿಯಲು ಕಾರಣವೇ ಇರುವುದಿಲ್ಲ. ಯಾವ ಸೈನ್ಯವೂ ಅದನ್ನು ಬೀಳಿಸಲಿಲ್ಲ.

ಈಗ ಓದುವ ಕ್ರಮ. 2024ರ ಜುಲೈನಲ್ಲಿ ಸ್ಯಾನ್ ಡಿಯೇಗೊ ಕಾಮಿಕ್-ಕಾನ್‌ನಲ್ಲಿ ರಾಬರ್ಟ್ ಡೌನಿ ಜೂನಿಯರ್ ಮಾರ್ವೆಲ್ ಸಿನಿಮಾದಲ್ಲಿ ಡೂಮ್ ಪಾತ್ರ ಮಾಡುತ್ತಾರೆ ಅಂತ ಘೋಷಣೆ ಆದ ಮೇಲೆ ತುಂಬಾ ಜನ ನೇರ ‘ಸೀಕ್ರೆಟ್ ವಾರ್ಸ್’ ಮೊದಲ ಸಂಚಿಕೆಗೆ ಕೈ ಹಾಕಿ, ಏನೂ ಅರ್ಥವಾಗದೆ ಬಿಡುತ್ತಿದ್ದಾರೆ. ಹಾಗೆ ಮಾಡಬೇಡಿ. ಮೊದಲು ಹಿಕ್‌ಮನ್ ಅವರದೇ ‘ಫೆಂಟಾಸ್ಟಿಕ್ ಫೋರ್’ ಓದಿ. 2009ರ 570ನೇ ಸಂಚಿಕೆಯಿಂದ ಶುರು. ರೀಡ್ ಸಂಸಾರದ ಮೇಲೆ ಪ್ರೀತಿ ಹುಟ್ಟದಿದ್ದರೆ ಗೋಡೆಯಾಗಿ ನಿಂತ ಬೆನ್ ಗ್ರಿಮ್ ನಿಮಗೆ ಬರೀ ಗೋಡೆ. ಆಮೇಲೆ 2013ರ ‘ನ್ಯೂ ಅವೆಂಜರ್ಸ್’ ಮೊದಲಿಂದ 33ರವರೆಗೆ. ಭೂಮಿಗಳ ಡಿಕ್ಕಿ, ಡೂಮ್ ಮತ್ತು ಬಿಯಾಂಡರ್ಸ್ ಎಲ್ಲಾ ಅಲ್ಲೇ. ಜೊತೆಗೆ ಬಂದ ‘ಅವೆಂಜರ್ಸ್’ ಸರಣಿ ಸಮಯ ಇದ್ದರೆ ಓದಿ, ಇಲ್ಲದಿದ್ದರೆ ಬಿಟ್ಟರೂ ಕಥೆ ತಿಳಿಯುತ್ತದೆ. ನಂತರ ‘ಸೀಕ್ರೆಟ್ ವಾರ್ಸ್’ನ 9 ಸಂಚಿಕೆ ಒಂದೇ ಉಸಿರಿಗೆ.

ಉಪಸರಣಿಗಳಲ್ಲಿ ನಾನು ಆಯ್ಕೆ ಮಾಡುವುದು ‘ಎ-ಫೋರ್ಸ್’, ‘ಸೀಜ್’, ಮತ್ತು ಥಾರ್‌ಗಳೇ ಕೊಲೆ ತನಿಖೆ ಮಾಡುವ ‘ಥಾರ್ಸ್’. ಅದರಲ್ಲಿ ಬೇರೆ ಬೇರೆ ರಾಜ್ಯಗಳಲ್ಲಿ ಸಿಗುವ ಹೆಣಗಳೆಲ್ಲ ಒಬ್ಬಳೇ ಹೆಂಗಸಿನ ಬೇರೆ ಬೇರೆ ರೂಪಗಳು ಅಂತ ಗೊತ್ತಾಗುವ ಜಾಗ ಚೆನ್ನಾಗಿದೆ. 1984ರ 12 ಸಂಚಿಕೆಯನ್ನು ಯಾವಾಗ ಓದಿದರೂ ನಡೆಯುತ್ತದೆ. ಇವೆಲ್ಲ ಮಾರ್ವೆಲ್ ಅನ್‌ಲಿಮಿಟೆಡ್ ಆ್ಯಪ್‌ನಲ್ಲಿ ಸಿಗುತ್ತವೆ. ಇಷ್ಟು ಜಾಸ್ತಿ ಆಯಿತು, ಮೊದಲು ಒಂದೇ ಒಂದು ಓದಿ ನೋಡುತ್ತೇನೆ ಅನ್ನುವ ಗೆಳೆಯರಿದ್ದರೆ ಅವರ ಕೈಗೆ ‘ವೀರ್ಡ್‌ವರ್ಲ್ಡ್’ ಕೊಡಿ. ಅದಕ್ಕೆ ಹಿಂದಿನದು ಏನೂ ಓದಿರಬೇಕಾಗಿಲ್ಲ.